ಸಹಿಸಬೇಕಾದವರು ಯಾರು?

ಉಪ್ಪು ಸಹಿಸುವ ಬೆಳೆ ಎಂದರೆ ಅದು ಕೃಷಿ ವಿಜ್ಞಾನದ ವಿಷಯ, ಅದರಲ್ಲಿ ನೀತಿಯ ಪ್ರಶ್ನೆ ಏನಿದೆ ಎನಿಸಬಹುದು. ನನ್ನನ್ನು ತಡೆದು ನಿಲ್ಲಿಸುವುದು ‘ಸಹಿಸು’ ಎಂಬ ಮಾತು. ಮನೆಯಲ್ಲಾಗಲಿ ಊರಲ್ಲಾಗಲಿ, ಸಹಿಸಿಕೋ ಎಂದು ಹೇಳುವವರು ಒಬ್ಬರು, ಸಹಿಸುವವರು ಇನ್ನೊಬ್ಬರು.

ಗುಬ್ಬಿ, ಕುಣಿಗಲ್ ಕಡೆಯವರಿಗೆ ಚೌಳು ಹೊಸ ಪದವಲ್ಲ. ನೀರು ಬಸಿದುಹೋಗದ ತಗ್ಗಿನ ಗದ್ದೆಯಲ್ಲಿ ಬಿಸಿಲಿಗೆ ನೀರು ಆರುತ್ತದೆ, ಅದರಲ್ಲಿದ್ದ ಲವಣ ಮೇಲೆ ಉಳಿಯುತ್ತದೆ. ಅಂಥ ಮಣ್ಣಿನಲ್ಲಿ ಬೇರಿನ ಸುತ್ತ ತೇವವಿದ್ದರೂ ಉಪ್ಪು ಅದನ್ನು ಬಿಟ್ಟುಕೊಡುವುದಿಲ್ಲ. ಪೈರು ನೀರಿನ ನಡುವೆಯೇ ಬಾಯಾರುತ್ತದೆ. ಹಿಂದೆ ಮಡಿವಾಳರು ಇದೇ ಮಣ್ಣಿನಲ್ಲಿ ಬಟ್ಟೆ ಒಗೆಯುತ್ತಿದ್ದರು, ಉಪ್ಪಾರರು ಉಪ್ಪು ತೆಗೆಯುತ್ತಿದ್ದರು.

ತುಂಗಭದ್ರಾ ಅಚ್ಚುಕಟ್ಟಿನಲ್ಲಿ ಈ ಚೌಳು ಸಾವಿರಾರು ಎಕರೆಗೆ ಹರಡಿತು. ಅಲ್ಲಿ ನಾಲೆಯ ಬಹುಭಾಗವನ್ನು ಯೋಜಿಸಿದ್ದು ಕಡಿಮೆ ನೀರಿನ ಬೆಳೆಗಳಿಗೆ. ಆದರೆ ಭತ್ತ ಬಂತು, ನೀರು ನಿಂತಿತು, ಉಪ್ಪು ಮೇಲೆದ್ದಿತು. ಇಲ್ಲೊಂದು ಅನ್ಯಾಯವಿದೆ: ಮೇಲಿನ ಗದ್ದೆಗೆ ಅತಿಯಾಗಿ ಹಾಯಿಸಿದ ನೀರು ಕೆಳಗಿನ ಗದ್ದೆಯನ್ನು ಚೌಳಾಗಿಸುತ್ತದೆ. ಲಾಭ ಒಬ್ಬನದು, ಉಪ್ಪು ಮತ್ತೊಬ್ಬನದು.

ಇದಕ್ಕೆ ವಿಜ್ಞಾನದ ಉತ್ತರವಿದೆ. 1969ರಲ್ಲಿ ಹುಟ್ಟಿದ ಹರಿಯಾಣದ ಕರ್ನಾಲ್‌ನ ಕೇಂದ್ರೀಯ ಮಣ್ಣು ಲವಣತೆ ಸಂಶೋಧನಾ ಸಂಸ್ಥೆ ಉಪ್ಪು ತಾಳುವ ಭತ್ತದ ತಳಿಗಳನ್ನು ಕೊಟ್ಟಿದೆ. ಕೇರಳದ ಪೊಕ್ಕಾಳಿ ಭತ್ತದಿಂದ ಗುರುತಿಸಿದ ‘ಸಾಲ್ಟಾಲ್’ ಎಂಬ ವಂಶವಾಹಿ ಭಾಗವನ್ನು ಬೇರೆ ತಳಿಗಳಿಗೂ ತರಲಾಗಿದೆ.

ಪೊಕ್ಕಾಳಿಯಂಥದೇ ಭತ್ತ ನಮ್ಮಲ್ಲೂ ಇದೆ: ಕುಮಟಾ ತಾಲ್ಲೂಕಿನ ಅಘನಾಶಿನಿ ಅಳಿವೆಯ ಗಜನಿ ಗದ್ದೆಗಳ ಕಗ್ಗ. ಮಳೆ ಮಣ್ಣಿನ ಉಪ್ಪನ್ನು ತೊಳೆದ ಮೇಲೆ ಮೊಳಕೆ ಬೀಜ ಚೆಲ್ಲುತ್ತಾರೆ, ಗೊಬ್ಬರ ಹಾಕುವುದಿಲ್ಲ. ಕೆಲ ದಿನ ಮುಳುಗಿದರೂ ಪೈರು ಬದುಕುತ್ತದೆ. ಆದರೆ ಅದನ್ನು ಬದುಕಿಸಿದ್ದು ಬೀಜವೊಂದೇ ಅಲ್ಲ. ಊರವರು ಸೇರಿ ಕಟ್ಟೆ ಕಾಯುತ್ತಿದ್ದರು, ಉಬ್ಬರವಿಳಿತ ನೋಡಿ ನೀರಿನ ಬಾಗಿಲು ತೆರೆದು ಮುಚ್ಚುತ್ತಿದ್ದರು. ಸಿಗಡಿ ಕೃಷಿ ಹೆಚ್ಚಿ ಈ ಕೂಡುದುಡಿಮೆ ಸಡಿಲವಾದಾಗ ಕಗ್ಗದ ಗದ್ದೆಗಳೂ ಕಡಿಮೆಯಾದವು. ಬೀಜದ ಗುಣ ಬದಲಾಗಿರಲಿಲ್ಲ. ಅದರ ಜೊತೆಗಿದ್ದ ಕೈಗಳು ಇಲ್ಲವಾಗಿದ್ದವು.

ಕಡಲಿನ ಉಪ್ಪಿಗೆ ಯಾರೂ ಹೊಣೆಯಲ್ಲ. ನಾಲೆ ತಂದ ಉಪ್ಪಿಗೆ ಹೊಣೆಗಾರರಿದ್ದಾರೆ. ಎರಡಕ್ಕೂ ಒಂದೇ ಬೀಜ ಕೊಟ್ಟು ಕೈತೊಳೆದುಕೊಂಡರೆ ತಪ್ಪಿನ ಭಾರವನ್ನು ಪೈರಿನ ಮೇಲೆ ಹೊರಿಸಿದಂತೆ.

ತುಮಕೂರಿನಲ್ಲಿ ಈ ವಾದವನ್ನು ಮುಂದಿಟ್ಟಾಗ ವಿದ್ಯಾರ್ಥಿನಿಯೊಬ್ಬಳು ಕೇಳಿದಳು: “ಸರಿ ಸರ್, ಕೆಳಗದ್ದೆಯವರು ಈ ಮುಂಗಾರಿಗೆ ಏನು ಬಿತ್ತಬೇಕು?” ಅದು ನ್ಯಾಯವಾದ ಪ್ರಶ್ನೆ. ನ್ಯಾಯ ಸಿಗುವವರೆಗೆ ಉಪವಾಸವಿರಿ ಎಂದು ಯಾರಿಗೂ ಹೇಳಲಾಗದು. ಉಪ್ಪು ತಾಳುವ ಬೀಜ ಅವರಿಗೆ ಬೇಕೇ ಬೇಕು, ಅದೂ ಈ ವರ್ಷವೇ.

ಆದರೆ ಬೀಜ ಕೊಡುವುದು ಬಸಿಗಾಲುವೆ ತೋಡುವವರೆಗಿನ ಆಸರೆ, ತೋಡದಿರಲು ನೆಪವಲ್ಲ. ಹೇಮಾವತಿ ನಾಲೆಯ ನೀರು ಇಂದು ತುಮಕೂರು, ಗುಬ್ಬಿ, ಕುಣಿಗಲ್‌ಗೂ ಬರುತ್ತದೆ. ಎಷ್ಟು ನೀರು ಬಂತೆಂದು ನಾವು ಜಗಳವಾಡುತ್ತೇವೆ. ಬಂದ ನೀರು ಯಾರ ಗದ್ದೆಯಲ್ಲಿ ನಿಲ್ಲುತ್ತದೆ ಎಂದೂ ಕೇಳಬೇಕು. ಆ ಪ್ರಶ್ನೆ ಕೇಳದ ಊರಿನಲ್ಲಿ ಎಂಥ ಬೀಜ ಬಿತ್ತಿದರೂ ಸಹಿಸುವ ಸರದಿ ಕೆಳಗದ್ದೆಯವರದ್ದೇ.