ಪರವೂರಿನಲ್ಲಿ ಸ್ನೇಹಧರ್ಮ

ಹುಟ್ಟಿದೂರನ್ನು ಬಿಟ್ಟು ದೂರದ ನಗರದಲ್ಲಿ ನೆಲಸುವವನಿಗೆ ಅನ್ನ, ವಸ್ತ್ರ, ವಸತಿಗಳು ದೊರೆಯುವುದು ಈ ಕಾಲದಲ್ಲಿ ಅಷ್ಟೇನೂ ಕಷ್ಟವಲ್ಲ. ವಿದ್ಯೆಯುಳ್ಳವನಿಗೆ ಉದ್ಯೋಗವುಂಟು, ಉದ್ಯೋಗವುಳ್ಳವನಿಗೆ ಬಾಡಿಗೆಗೆ ಮನೆಯುಂಟು. ಸುಲಭವಾಗಿ ದೊರೆಯದಿರುವವನು ಮಿತ್ರನೊಬ್ಬನೇ. ಈ ಕೊರತೆಯನ್ನು ಜನರು ಸಾಮಾನ್ಯವಾಗಿ ಬಿಸಿಲು ಮಳೆಗಳಂತೆ ಸಹಿಸತಕ್ಕ ಒಂದು ಅನನುಕೂಲವೆಂದು ಎಣಿಸುವರು. ಸ್ನೇಹವು ತಾನಾಗಿ ಕೂಡಿಬರಬೇಕು. ಅದನ್ನು ಯಾರೂ ವಿಧಿಸಲಾರರು. ಆದಕಾರಣ ಅದರಲ್ಲಿ ಧರ್ಮಾಧರ್ಮಗಳ ವಿಚಾರವೇ ಹುಟ್ಟುವುದಿಲ್ಲವೆಂದು ಅವರ ಅಭಿಪ್ರಾಯ. ಈ ಅಭಿಪ್ರಾಯವು ಎಷ್ಟರಮಟ್ಟಿಗೆ ನಿಲ್ಲತಕ್ಕದ್ದು? ಪರವೂರಿನ ಒಂಟಿತನವು ಬರಿಯ ದುರದೃಷ್ಟವೋ, ಅಥವಾ ಅದರಲ್ಲಿ ಒಂದಂಶವಾದರೂ ಕರ್ತವ್ಯಲೋಪವೋ? ಮನೆಮನೆಯಿಂದಲೂ ಒಬ್ಬ ಮಗನೋ ಮಗಳೋ ಹೊರನಾಡಿಗೆ ಹೋಗಿರುವ ಈ ದಿನಗಳಲ್ಲಿ ಇದು ವಿಚಾರಾರ್ಹವಾದ ಪ್ರಶ್ನೆಯೇ ಸರಿ.

ವಿಚಾರಕ್ಕೆ ನೆಲೆಯೊಂದು ಬೇಕಾದುದರಿಂದ ಸಿಂಗಪುರವನ್ನು ನಿದರ್ಶನವಾಗಿ ತೆಗೆದುಕೊಳ್ಳಬಹುದು. ಕನ್ನಡ ನಾಡಿನ ಎಷ್ಟೋ ಕುಟುಂಬಗಳು ಇಂದು ಆ ನಗರದಲ್ಲಿರುವುವು. ಅದು ಭೂಮಧ್ಯರೇಖೆಗೆ ಒಂದೂಕಾಲು ಡಿಗ್ರಿಯಷ್ಟು ಉತ್ತರದಲ್ಲಿದೆ. ಸುಮಾರು 60 ಲಕ್ಷ ಜನರ ವಸತಿ. ಅದರ ಹೆಸರು ಸಂಸ್ಕೃತದ್ದು. ಅಲ್ಲಿನ ಮಾರಿಯಮ್ಮನ ಗುಡಿ 1827ರಷ್ಟು ಹಳೆಯದು. ಬೆಂಗಳೂರಿನ ಬೀದಿಗಳಲ್ಲಿ ಕೊಡೆ ಹಿಡಿದಂತೆ ನಿಂತಿರುವ ಮಳೆಮರವೇ ಅಲ್ಲಿನ ದಾರಿಗಳಿಗೂ ನೆರಳು. ಮಲ್ಲಿಗೆಯ ದಂಡೆ, ಕರಿಬೇವು, ತೆಂಗಿನಕಾಯಿ ಯಾವುದಕ್ಕೂ ಅಭಾವವಿಲ್ಲ. ಹೀಗಾಗಿ ಹೊಸದಾಗಿ ಹೋದವನಿಗೆ ಮೊದಲ ತಿಂಗಳಲ್ಲಿ ತಾನು ಬಹಳ ದೂರ ಬಂದೆನೆಂಬ ಭಾವನೆಯೇ ಹುಟ್ಟದು.

ದೂರವು ಗೊತ್ತಾಗುವುದು ನಿಧಾನವಾಗಿ. ಆ ನಗರಕ್ಕೆ ಋತುಗಳಿಲ್ಲ. ವರ್ಷವಿಡೀ ಸೂರ್ಯನು ಬೆಳಗಿನ ಏಳರ ಆಸುಪಾಸಿನಲ್ಲಿ ಮೂಡಿ ಸಂಜೆಯ ಏಳರ ಆಸುಪಾಸಿನಲ್ಲಿ ಮುಳುಗುವನು. ಹಗಲಿನ ಸೆಕೆಯೂ ಇರುಳಿನ ಸೆಕೆಯೂ ಚೈತ್ರದಲ್ಲಿ ಎಂತೋ ಪುಷ್ಯದಲ್ಲಿಯೂ ಅಂತೆಯೇ. ಮಳೆಯು ವರ್ಷಕ್ಕೆ ಎರಡು ಸಾವಿರ ಮಿಲಿಮೀಟರಿಗೂ ಮಿಕ್ಕಿ ಸುರಿದರೂ ಅದಕ್ಕೆ ಮುಂಗಾರಿನ ಆಗಮನದ ಸಂಭ್ರಮವಿಲ್ಲ. ಕನ್ನಡ ನಾಡಿನಲ್ಲಿ ನೆರೆಹೊರೆಯ ಸ್ನೇಹವು ಬಹುಮಟ್ಟಿಗೆ ಋತುಗಳ ಕೊಡುಗೆ. ಮಾವು ಬಂದಾಗ ಹಂಚುವರು. ಸಂಕ್ರಾಂತಿಗೆ ಎಳ್ಳು ಬೀರುವರು. ಮೊದಲ ಮಳೆಗೆ ಜಗಲಿಯಲ್ಲಿ ನಿಂತು ನಾಲ್ಕು ಮಾತಾಡುವರು. ಯಾರೂ ಪ್ರಯತ್ನಿಸದೆಯೇ ಕಾಲಚಕ್ರವು ಜನರನ್ನು ಒಬ್ಬರ ಬಾಗಿಲಿಗೆ ಒಬ್ಬರನ್ನು ತಂದು ನಿಲ್ಲಿಸುವುದು. ಆ ಚಕ್ರದ ಅರಿವಾಗದ ಊರಿನಲ್ಲಿ ದಿನಕ್ಕೆ ದಿನವೇ ಪ್ರತಿಬಿಂಬವಾಗಿ ವರ್ಷವೊಂದು ಕಳೆದರೂ ಕಳೆದುದು ತಿಳಿಯುವುದಿಲ್ಲ. ಎದುರುಮನೆಯವರ ಹೆಸರೂ ತಿಳಿದಿರುವುದಿಲ್ಲ. ತವರೂರಿನಲ್ಲಿ ಪ್ರಯತ್ನವಿಲ್ಲದೆ ದೊರೆತುದು ಇಲ್ಲಿ ಪ್ರಯತ್ನವನ್ನು ಬೇಡುವುದು. ಆ ಪ್ರಯತ್ನವನ್ನು ಮಾಡದಿರುವುದಕ್ಕೆ ಮನುಷ್ಯನು ಹೇಳಿಕೊಳ್ಳುವ ಕಾರಣಗಳು ಮುಖ್ಯವಾಗಿ ಮೂರು.

ಮೊದಲನೆಯದು ಅವಧಿಯ ಕಾರಣ. ಉದ್ಯೋಗಸ್ಥನಿಗೆ ಆ ದೇಶದ ಸರಕಾರವು ಮೊದಲು ಕೊಡುವ ರಹದಾರಿ ಹೆಚ್ಚೆಂದರೆ ಎರಡು ವರ್ಷದ್ದು, ಮುಂದೆ ನವೀಕರಿಸಬೇಕು. 2024ರ ಗಣನೆಯಂತೆ ಅಲ್ಲಿನ ಹತ್ತು ಮಂದಿಯಲ್ಲಿ ಸುಮಾರು ಮೂವರು ನಿತ್ಯವಾಸದ ಹಕ್ಕಿಲ್ಲದವರು. "ಎರಡು ವರ್ಷದ ಬಾಳಿಗೆ ಬೇರು ಬಿಡುವುದೇಕೆ? ಬಿಟ್ಟರೆ ಕೀಳುವಾಗ ನೋವಲ್ಲವೆ?" ಎಂದು ಅಂಥವನು ಕೇಳುವನು. ಈ ಮಾತಿನಲ್ಲಿ ಹುರುಳಿಲ್ಲದಿಲ್ಲ. ನೀನು ಇಲ್ಲಿ ಇಷ್ಟು ದಿನದವನು ಎಂದು ಕಾಗದದ ಮೇಲೆ ಬರೆದುಕೊಟ್ಟ ನಗರವು ಅವನಿಂದ ಪೂರ್ಣವಾದ ಮಮತೆಯನ್ನು ಅಪೇಕ್ಷಿಸುವುದು ನ್ಯಾಯವಲ್ಲ. ಆದರೂ ಅವಧಿಯೆಂಬುದು ಕರಾರಿಗೆ ಸಂಬಂಧಪಟ್ಟದ್ದು, ಆದರಕ್ಕೆ ಸಂಬಂಧಪಟ್ಟದ್ದಲ್ಲ. ಅಗಲಿಕೆಯ ಭಯದಿಂದ ಸ್ನೇಹವನ್ನು ಬಿಡುವುದಾದರೆ ಸ್ವಂತ ಊರಿನಲ್ಲಿಯೂ ಯಾರೂ ಯಾರೊಡನೆಯೂ ಸ್ನೇಹ ಮಾಡುವಂತಿಲ್ಲ. ಮನುಷ್ಯನ ಆಯುಸ್ಸೂ ಒಂದು ಅವಧಿಯೇ. ಲೋಕಾನುಭವವನ್ನು ನೋಡಿದರೆ, ಎರಡು ವರ್ಷವೆಂದು ಹೋದವರು ನಾಲ್ಕು ವರ್ಷವಿರುವರು, ಹತ್ತು ವರ್ಷವಿರುವರು. ಮಕ್ಕಳು ಅಲ್ಲಿಯೇ ಶಾಲೆಗೆ ಸೇರುವರು. ಪ್ರತಿ ನವೀಕರಣದಲ್ಲಿಯೂ ಬಾಳುವುದನ್ನು ಮುಂದಕ್ಕೆ ಹಾಕಿದವರು ಕೊನೆಗೆ ಒಂದು ದಶಕವನ್ನು ರೈಲು ನಿಲ್ದಾಣದಲ್ಲಿ ಕುಳಿತವರಂತೆ ಕಳೆದಿರುವರು.

ಎರಡನೆಯದು ಹಳೆಯ ಸ್ನೇಹದ ಕಾರಣ. "ನನಗೆ ಮಿತ್ರರಿಲ್ಲದೆ ಇಲ್ಲ, ಅವರು ಊರಿನಲ್ಲಿರುವರು, ದೂರವಾಣಿಯಲ್ಲಿ ಪ್ರತಿ ಭಾನುವಾರ ಮಾತಾಡುವೆನು, ಹೊಸಬರನ್ನು ಹುಡುಕುವುದು ಹಳಬರಿಗೆ ದ್ರೋಹವಲ್ಲವೆ?" ಎಂದು ಈ ಪಕ್ಷ. ಇದು ಮೊದಲನೆಯದಕ್ಕಿಂತ ಉದಾತ್ತವಾದುದು. ಆದುದರಿಂದಲೇ ಹೆಚ್ಚು ಮೋಸಗೊಳಿಸುವಂಥದು. ಕಾಳಿದಾಸನ ಮೇಘದೂತದ ಯಕ್ಷನನ್ನು ನೆನೆಯಬಹುದು. ಅವನಿಗೂ ಒಂದು ವರ್ಷದ ಅವಧಿಯ ಪ್ರವಾಸವೇ. ಅಳಕೆಗೆ ಹೋಗುವ ದಾರಿಯ ಪ್ರತಿಯೊಂದು ನದಿಯೂ ಬೆಟ್ಟವೂ ನಗರವೂ ಅವನ ನಾಲಗೆಯ ಮೇಲಿವೆ. ಆದರೆ ತಾನು ಎಂಟು ತಿಂಗಳು ವಾಸವಾಗಿದ್ದ ರಾಮಗಿರಿಯಲ್ಲಿ ಅವನಿಗೆ ಒಬ್ಬ ಮಿತ್ರನಾದ ಸುದ್ದಿಯನ್ನು ಕವಿಯು ಹೇಳಲಿಲ್ಲ. ತಪಸ್ವಿಗಳ ಆಶ್ರಮಗಳಿದ್ದ ಬೆಟ್ಟದಲ್ಲಿ ಅವನು ಕೊನೆಗೆ ಮೊರೆಯಿಟ್ಟುದು ಮೋಡಕ್ಕೆ. ಕಾವ್ಯಕ್ಕೆ ಅದು ಭೂಷಣ. ಬಾಳಿಗೆ ಅದು ಮಾದರಿಯಲ್ಲ. ದೂರದ ಮಿತ್ರನು ಮಾತನ್ನು ಕೊಡಬಲ್ಲನು, ಸನ್ನಿಧಿಯನ್ನು ಕೊಡಲಾರನು. ಜ್ವರ ಬಂದ ರಾತ್ರಿ ಗಂಜಿಯನ್ನು ತರುವವನು ಎರಡೂವರೆ ಗಂಟೆಯ ಕಾಲವ್ಯತ್ಯಾಸದ ಆಚೆ ಇರಲಾಗದು. ಇನ್ನೊಂದು ವಿಷಯವೂ ಉಂಟು. ಹೊಸ ಊರಿನಲ್ಲಿ ಏನನ್ನೂ ಕಾಣದವನು ಹಳೆಯ ಮಿತ್ರನಿಗೆ ಹೇಳುವುದಾದರೂ ಏನು? ಹಳೆಯ ನೆನಪುಗಳೂ ಹೊಸ ದೂರುಗಳೂ ಮಾತ್ರ. ಕೆಲವು ವರ್ಷಗಳಲ್ಲಿ ಆ ಸಂಭಾಷಣೆಯು ತಾನಾಗಿಯೇ ಬತ್ತುವುದು. ಹಳೆಯ ಸ್ನೇಹವನ್ನು ಕಾಪಾಡಲು ಬಯಸುವವನಿಗೆ ಹೊಸ ಬಾಳು ವಿರೋಧಿಯಲ್ಲ, ಆಹಾರ.

ಮೂರನೆಯದು ಸ್ವಜನರ ಕಾರಣ. ಸಿಂಗಪುರದಲ್ಲಿ ಕನ್ನಡ ಸಂಘವುಂಟು. ತಾಯ್ನುಡಿಯನ್ನು ಕೇಳಿ ಮನಸ್ಸು ಹಗುರವಾಗುವುದು ಸಹಜವೂ ಯುಕ್ತವೂ ಆದುದು. ಅಂಥ ಕೂಟಗಳನ್ನು ಹಗುರವಾಗಿ ಕಾಣುವುದು ಸಲ್ಲದು. ಆದರೆ ಕೂಟದಲ್ಲಿ ಸೇರಿದ ಮಾತ್ರಕ್ಕೆ ಸ್ನೇಹವಾಗುವುದಿಲ್ಲ; ಅದರಲ್ಲಿಯೇ ಬಾಗಿಲು ಹಾಕಿಕೊಂಡವನಿಗೆ ನಗರವು ಕಾಣುವುದಿಲ್ಲ. ಪಂಚತಂತ್ರದ ಎರಡನೆಯ ತಂತ್ರವು ಈ ವಿಷಯವನ್ನೇ ಹೇಳುವುದು. ಹಿರಣ್ಯಕನೆಂಬ ಇಲಿಯು ಕಾಗೆಯ ಸ್ನೇಹವನ್ನು ಮೊದಲು ಒಪ್ಪಲಿಲ್ಲ. ತಿನ್ನುವವನಿಗೂ ತಿನ್ನಲ್ಪಡುವವನಿಗೂ ಎಲ್ಲಿಯ ಮೈತ್ರಿಯೆಂದಿತು. ಒಪ್ಪಿದ ಮೇಲೆ ಆ ಕಾಗೆಯ ಬೆನ್ನೇರಿಯೇ ದೂರದ ಸರೋವರಕ್ಕೆ ಹೋಗಿ ನೆಲಸಿತು. ಅಲ್ಲಿ ಆಮೆಯೂ ಮುಂದೆ ಜಿಂಕೆಯೂ ಕೂಡಿದುವು. ಬಲೆಯನ್ನು ಕಡಿಯುವುದು ಇಲಿಗೆ ಸಾಧ್ಯ, ಮೇಲಿನಿಂದ ನೋಡುವುದು ಕಾಗೆಗೆ ಸಾಧ್ಯ. ನಾಲ್ಕೂ ಇಲಿಗಳೇ ಆಗಿದ್ದರೆ ಬೇಡನು ಬರುವುದನ್ನು ಯಾರೂ ದೂರದಿಂದ ಕಾಣುತ್ತಿರಲಿಲ್ಲ.

ಸಿಂಗಪುರದ ಆಡಳಿತವು ಇದನ್ನು ತನ್ನ ರೀತಿಯಲ್ಲಿ ಅರಿತಿದೆ. ಅಲ್ಲಿ 1960ರಲ್ಲಿ ಸ್ಥಾಪಿತವಾದ ಗೃಹನಿರ್ಮಾಣ ಮಂಡಲಿಯ ಬಹುಮಹಡಿ ಮನೆಗಳಲ್ಲಿ ಇಂದು ಖಾಯಂ ನಿವಾಸಿಗಳ ಮುಕ್ಕಾಲು ಪಾಲಿಗೂ ಹೆಚ್ಚು ಜನರು ವಾಸಿಸುವರು. ಚೀನೀಯರು, ಮಲಯರು, ಭಾರತೀಯರು ಬೇರೆ ಬೇರೆ ಕೇರಿಗಳಾಗಿ ಒಡೆಯದಿರಲೆಂದು ಪ್ರತಿ ಕಟ್ಟಡದಲ್ಲಿಯೂ ಜನಾಂಗವಾರು ಮಿತಿಯನ್ನು 1989ರಲ್ಲಿ ವಿಧಿಸಲಾಯಿತು. ಕಟ್ಟಡಗಳ ತಳದಲ್ಲಿ ಗೋಡೆಯಿಲ್ಲದ ಅಂಗಳವನ್ನು ಬಿಟ್ಟಿರುವರು. ಮಲಯರ ಮದುವೆಯೂ ಚೀನೀಯರ ಉತ್ತರಕ್ರಿಯೆಯೂ ಅಲ್ಲಿಯೇ ನಡೆಯುವುದುಂಟು. ಅಗ್ಗದ ಊಟದ ಸಾರ್ವಜನಿಕ ಅಂಗಡಿಸಾಲುಗಳಲ್ಲಿ ಅಪರಿಚಿತರು ಒಂದೇ ಮೇಜನ್ನು ಹಂಚಿಕೊಂಡು ಉಣ್ಣುವರು; ಈ ಪದ್ಧತಿಯನ್ನು 2020ರಲ್ಲಿ ಯುನೆಸ್ಕೋ ಸಂಸ್ಥೆಯು ಮಾನವಕುಲದ ಪರಂಪರೆಗಳ ಪಟ್ಟಿಗೆ ಸೇರಿಸಿತು. ಕಾನೂನು ಮಾಡಬಹುದಾದುದು ಇಷ್ಟೇ. ಅದು ನೆರೆಯವರನ್ನು ಕೊಡಬಲ್ಲದು, "ನಿಮ್ಮ ಹೆಸರೇನು?" ಎಂಬ ಪ್ರಶ್ನೆಯನ್ನು ಮನುಷ್ಯನೇ ಕೇಳಬೇಕು.

ಇಲ್ಲಿ ಒಂದು ಕಠಿನವಾದ ವಿಷಯವನ್ನು ಎತ್ತದೆ ವಿಚಾರವು ಪೂರ್ತಿಯಾಗದು. ಒಂಟಿತನವು ಎಲ್ಲರಿಗೂ ಸಮನಾಗಿ ಹಂಚಿಕೆಯಾಗಿಲ್ಲ. ಅದೇ ನಗರದಲ್ಲಿ ಕಟ್ಟಡಗಳನ್ನು ಕಟ್ಟುವ, ಹಡಗುಗಳನ್ನು ದುರಸ್ತಿ ಮಾಡುವ ಕೂಲಿಗಾರರು ಭಾರತ, ಬಾಂಗ್ಲಾದೇಶ ಮುಂತಾದ ಕಡೆಗಳಿಂದ ಬಂದು ಊರಂಚಿನ ಸಾಮೂಹಿಕ ವಸತಿಗಳಲ್ಲಿರುವರು. ಹೆಂಡತಿ ಮಕ್ಕಳನ್ನು ಕರೆತರುವ ಹಕ್ಕು ಅವರಿಗಿಲ್ಲ. 2020ರ ಸಾಂಕ್ರಾಮಿಕದಲ್ಲಿ ಆ ನಗರದ ರೋಗಿಗಳ ಬಹುಪಾಲು ಈ ವಸತಿಗಳವರೇ ಆಗಿದ್ದರು. ಮೂರು ಲಕ್ಷದಷ್ಟು ಜನರು ತಿಂಗಳುಗಟ್ಟಲೆ ಹೊರಕ್ಕೆ ಬರುವಂತಿರಲಿಲ್ಲ. ಇಂಡೋನೇಷ್ಯ, ಫಿಲಿಪ್ಪೀನ್ಸ್, ಮಯನ್ಮಾರ್‌ಗಳಿಂದ ಬಂದು ಮನೆಗೆಲಸ ಮಾಡುವ ಸ್ತ್ರೀಯರು ಎರಡೂವರೆ ಲಕ್ಷಕ್ಕೂ ಮಿಕ್ಕಿ ಇರುವರು. ಯಜಮಾನರ ಮನೆಯಲ್ಲಿಯೇ ವಾಸಿಸಬೇಕೆಂಬುದು ನಿಯಮ. ಇವರಿಗೆ ವಾರಕ್ಕೊಂದು ವಿಶ್ರಾಂತಿಯ ದಿನವನ್ನು ಕಾನೂನು ಕೊಟ್ಟುದು 2013ರಲ್ಲಿ. ತಿಂಗಳಿಗೆ ಒಂದು ದಿನವನ್ನಾದರೂ ಹಣಕ್ಕೆ ಬದಲಾಗಿ ಕಸಿದುಕೊಳ್ಳಬಾರದೆಂದು ವಿಧಿಸಿದುದು 2023ರಲ್ಲಿ.

ಇಂತಿರುವಲ್ಲಿ, ವಿದ್ಯಾವಂತ ಗೃಹಸ್ಥನೊಬ್ಬನು ಹತ್ತನೆಯ ಮಹಡಿಯ ಕಿಟಕಿಯ ಬಳಿ ನಿಂತು ತನಗೆ ಯಾರೂ ಇಲ್ಲವೆಂದು ನಿಟ್ಟುಸಿರು ಬಿಡುವಾಗ, ಅಡಿಗೆಮನೆಯಲ್ಲಿ ಪಾತ್ರೆ ತೊಳೆಯುತ್ತಿರುವವಳಿಗೆ ಯಾರಿರುವರೆಂಬುದನ್ನು ನೆನೆಯದಿದ್ದರೆ, ಅವನ ದುಃಖದಲ್ಲಿ ಏನೋ ದೋಷವಿದೆ. ಆ ಹೆಂಗಸನ್ನು ಸ್ನೇಹಿತೆಯೆಂದು ಕರೆದುಬಿಟ್ಟರೆ ದೋಷವು ಪರಿಹಾರವಾಗುವುದಿಲ್ಲ. ಸಂಬಳ ಕೊಡುವವರಿಗೂ ಪಡೆಯುವವರಿಗೂ ನಡುವೆ ಆ ಮಾತು ಎಷ್ಟೋ ಸಾರಿ ಹೆಚ್ಚಿನ ದುಡಿತಕ್ಕೆ ಹೊದಿಸಿದ ಹೊದಿಕೆಯಾಗುವುದು. ಅಲ್ಲಿ ಮೊದಲು ಸಲ್ಲಬೇಕಾದುದು ನ್ಯಾಯ: ಸಲ್ಲತಕ್ಕ ರಜೆ, ಸಲ್ಲತಕ್ಕ ಸಂಬಳ, ತನ್ನ ಮಕ್ಕಳೊಡನೆ ಮಾತಾಡಲು ಬಿಡುವು. ಒಂಟಿತನವನ್ನು ಸ್ವತಃ ಅನುಭವಿಸಿದವನಿಗೆ ಇದನ್ನು ಯಾರೂ ಬೋಧಿಸಬೇಕಾಗಬಾರದು. ಅನುಭವಿಸಿಯೂ ಅರಿಯದಿದ್ದರೆ ಅವನು ಪರವೂರಿನಲ್ಲಿ ಪಟ್ಟ ಕ್ಲೇಶವೆಲ್ಲವೂ ವ್ಯರ್ಥವಾದಂತೆಯೇ.

ಈಗ ಮೊದಲಿನ ಪ್ರಶ್ನೆಗೆ ಉತ್ತರವನ್ನು ಹೇಳಬಹುದು. ಸ್ನೇಹವನ್ನು ವಿಧಿಸಲಾಗದೆಂಬ ಮಾತು ನಿಜ. ಆದರೆ ಯೋಗಶಾಸ್ತ್ರದಲ್ಲಿ ಪತಂಜಲಿಯು ಮೈತ್ರಿಯನ್ನು ಕರುಣಾದಿಗಳೊಡನೆ ಭಾವನೆಯೆಂದು, ಎಂದರೆ ಅಭ್ಯಾಸದಿಂದ ಬೆಳೆಸತಕ್ಕ ಚಿತ್ತವೃತ್ತಿಯೆಂದು ಎಣಿಸಿರುವನು. ಸ್ನೇಹವು ಇಬ್ಬರ ನಡುವೆ ಫಲಿಸುವಂಥದು. ಅದು ಒಬ್ಬನ ಕೈಯಲ್ಲಿಲ್ಲ. ಮೈತ್ರಿಯು ಒಬ್ಬನಲ್ಲಿಯೇ ಇರತಕ್ಕದ್ದು. ಅದು ಪೂರ್ತಿಯಾಗಿ ಅವನ ಕೈಯಲ್ಲಿದೆ. ಉಳುವುದು ಧರ್ಮ, ಮಳೆ ದೈವಾಧೀನ. ಹೊಸ ಊರಿನಲ್ಲಿ ಮಿತ್ರರು ದೊರೆಯದಿದ್ದರೆ ಅದು ದುರದೃಷ್ಟ. ಮಿತ್ರಭಾವದಿಂದ ಒಂದು ಹೆಜ್ಜೆಯನ್ನೂ ಇಡದಿದ್ದರೆ ಅದು ಲೋಪ. ಆ ನಗರದ ಮಲಯ ನುಡಿಯಲ್ಲಿ "ನಾನು" ಎಂಬುದಕ್ಕೆ "ಸಾಯ" ಎನ್ನುವರು; ಅದು ಸಂಸ್ಕೃತದ "ಸಹಾಯ" ಶಬ್ದದಿಂದ, ಎಂದರೆ ಜೊತೆಗಾರನೆಂಬ ಅರ್ಥದ ಶಬ್ದದಿಂದ, ಬಂದುದು. ತನ್ನನ್ನು ಹೆಸರಿಸುವಾಗಲೇ ಇನ್ನೊಬ್ಬನನ್ನು ನೆನೆಯುವ ಈ ಮಾತನ್ನು ಅಲ್ಲಿ ನೆಲಸಿದವನು ಮೊದಲ ವಾರದಲ್ಲಿಯೇ ಕಲಿಯಬಹುದು.

ಊರಿನಲ್ಲಿ ಉಳಿದವರಿಗೂ ಇದರಲ್ಲಿ ಪಾಲುಂಟು. ದೂರವಾಣಿಯಲ್ಲಿ ತಂದೆತಾಯಿಗಳು ಕೇಳುವ ಪ್ರಶ್ನೆಗಳು ಸಾಮಾನ್ಯವಾಗಿ ಎರಡೇ: ಊಟವಾಯಿತೆ, ಊರಿಗೆ ಎಂದು ಬರುವೆ. ಎರಡನೆಯ ಪ್ರಶ್ನೆಯು ಪ್ರೀತಿಯಿಂದ ಹುಟ್ಟಿದುದಾದರೂ, ಪದೇ ಪದೇ ಕೇಳಿದರೆ, ಮಕ್ಕಳನ್ನು ಇದ್ದಲ್ಲಿ ಇರಗೊಡದು. ಮೊದಲನೆಯದಕ್ಕೆ ಒಂದು ಮಾತನ್ನು ಸೇರಿಸುವುದು ಒಳ್ಳೆಯದು: ಯಾರೊಡನೆ ಊಟ ಮಾಡಿದೆ, ಅವರ ಊರು ಯಾವುದು, ಅವರ ಮನೆಯವರೆಲ್ಲರೂ ಕ್ಷೇಮವೆ?