ಚಿಲಕ ಯಾವ ಕಡೆಗಿದೆ?

ಬಾಗಿಲಿಗೆ ಒಳಗಡೆ ಚಿಲಕವಿದ್ದರೆ ಅದು ಕೋಣೆ, ಹೊರಗಡೆ ಮಾತ್ರ ಇದ್ದರೆ ಸೆರೆಮನೆ. ಹೆಣ್ಣುಮಕ್ಕಳಿಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಆದರೂ ಮನಸ್ಸಿನ ಕಾಯಿಲೆಯವರ ಮಾತು ಬಂದಾಗ ಹೊರಗಿನ ಚಿಲಕವನ್ನೇ ನಾವು ಕರುಣೆ ಎಂದುಕೊಳ್ಳುತ್ತೇವೆ.

ದೇವಬಾಗದಂಥ ಊರನ್ನೇ ನೆನೆಯಿರಿ. ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಅದನ್ನು ಸೇರುವ ಕಾಳಿ ನದಿ, ನಡುವೆ ಗಾಳಿಮರಗಳ ಮರಳುದಂಡೆ. ಗಂಡಸರು ದೋಣಿಯಲ್ಲಿ, ಹೆಂಗಸರು ಮೀನುಬುಟ್ಟಿ ಹೊತ್ತು ಪೇಟೆಯಲ್ಲಿ. ಮನೆಯಲ್ಲಿ ಯಾರಿಗೂ ಕೇಳದ ದನಿಗಳನ್ನು ಕೇಳುವ, ಹೊತ್ತಲ್ಲದ ಹೊತ್ತಿನಲ್ಲಿ ಎದ್ದು ನೀರಿನ ಕಡೆ ನಡೆಯುವ ಮಗಳಿದ್ದರೆ, ಬೀಗ ಹಾಕಿ ಹೋಗುವ ತಾಯಿಯನ್ನು ಯಾವ ಬಾಯಿಂದ ದೂರೋಣ? ಬೀಗ ಹಾಕಿದ ಕೈಯೇ ಸಂಜೆ ಆ ಮಗಳ ತಲೆ ಬಾಚುತ್ತದೆ.

ಆ ತಾಯಿಯ ಚಿಂತೆ ಒಂದೇ: ನಾನು ಹೋದ ಮೇಲೆ ಇವಳ ಗತಿಯೇನು? ನಮ್ಮ ಕಡೆ 'ಧಾರವಾಡಕ್ಕೆ ಕಳಿಸಬೇಕು' ಎಂಬುದು ಬೈಗುಳವೇ ಆಗಿತ್ತು. 1845ರಲ್ಲಿ ಹುಚ್ಚಾಸ್ಪತ್ರೆಯಾಗಿ ಆರಂಭವಾದ ಅಲ್ಲಿನ ಸಂಸ್ಥೆ ಇಂದು ಡಿಮ್ಹಾನ್ಸ್ ಆಗಿದೆ. ಆದರೆ ಆಸ್ಪತ್ರೆ ಇರುವುದು ಚಿಕಿತ್ಸೆಗೆ. ವರ್ಷಗಟ್ಟಲೆ ಬಾಳಲು ಬೇಕಾದದ್ದು ಮನೆ.

ಎಂಥ ಮನೆ? 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ ಇಂಥವರನ್ನು ಇಟ್ಟುಕೊಂಡಿದ್ದ ಮನೆಯೊಂದಕ್ಕೆ ಬೆಂಕಿ ಬಿತ್ತು. ಸರಪಳಿ ಬಿಗಿದಿದ್ದ 28 ಮಂದಿ ಓಡಲಾರದೆ ಸತ್ತರು. ಆ ಸರಪಳಿಯೂ ಅವರ ರಕ್ಷಣೆಗೆಂದೇ ಇದ್ದದ್ದು.

ಇನ್ನೊಂದು ವಿಚಾರವಿದೆ. ತೀವ್ರ ಮನೋರೋಗಿಗಳಲ್ಲಿ ಎಷ್ಟೋ ಜನ ಮೊದಲೇ ಪೆಟ್ಟು ತಿಂದವರು: ಬಾಲ್ಯದ ಹೊಡೆತ, ಗಂಡನ ಮನೆಯ ಹಿಂಸೆ, ಹೇಳಿಕೊಳ್ಳಲಾಗದ ಅತ್ಯಾಚಾರ. ಅಂಥವಳ ಕೈಕಾಲು ಹಿಡಿದು ಸೂಜಿ ಚುಚ್ಚಿದರೆ ಅವಳ ಮೈಗೆ ಅದು ಔಷಧವೆಂದು ತಿಳಿಯುವುದಿಲ್ಲ, ಹಳೆಯ ರಾತ್ರಿಯೇ ಮರಳಿ ಬಂದಂತಾಗುತ್ತದೆ. ಆದ್ದರಿಂದ ಈಗಿನ ತಿಳಿದ ವೈದ್ಯರು 'ನಿನಗೇನಾಗಿದೆ' ಎನ್ನುವುದರ ಜೊತೆಗೆ 'ನಿನ್ನ ಮೇಲೆ ಏನೇನು ನಡೆದುಹೋಗಿದೆ' ಎಂದೂ ವಿಚಾರಿಸುತ್ತಾರೆ. ಬಾಗಿಲು ತಟ್ಟಿ ಒಳಗೆ ಬರುವುದು, ಮುಟ್ಟುವ ಮೊದಲು ಹೇಳುವುದು, ಭಯವಾದಾಗ ಏನು ಮಾಡಿದರೆ ಸಮಾಧಾನವೆಂದು ಮೊದಲೇ ಕೇಳಿಟ್ಟುಕೊಳ್ಳುವುದು, ಇವೂ ಚಿಕಿತ್ಸೆಯ ಭಾಗವೇ.

2018ರಲ್ಲಿ ಜಾರಿಗೆ ಬಂದ ಮಾನಸಿಕ ಆರೋಗ್ಯ ಆರೈಕೆ ಕಾಯಿದೆ ಸರಪಳಿಯನ್ನು ನಿಷೇಧಿಸಿದೆ. ಬಲವಂತವಾಗಿ ತಲೆ ಬೋಳಿಸಬಾರದು, ಸಮವಸ್ತ್ರ ಹೇರಬಾರದು, ಮುಟ್ಟಿನ ದಿನಗಳಲ್ಲಿ ಬೇಕಾದದ್ದನ್ನು ಒದಗಿಸಬೇಕು ಎನ್ನುತ್ತದೆ. ಮನೆಯವರು ಕರೆದುಕೊಳ್ಳಲಿಲ್ಲ ಎಂಬ ಒಂದೇ ಕಾರಣಕ್ಕೆ ಯಾರನ್ನೂ ಅಲ್ಲೇ ಇರಿಸಿಕೊಳ್ಳುವಂತಿಲ್ಲ ಎಂದೂ ಹೇಳುತ್ತದೆ. ಸೀರೆ, ಕೂದಲು, ಬಟ್ಟೆ ಕಾನೂನಿಗೆ ಸಣ್ಣ ವಿಷಯ ಅನಿಸಲಿಲ್ಲವೆಂಬುದೇ ನನಗೆ ದೊಡ್ಡದಾಗಿ ಕಂಡಿತು.

ಹಾಗಾದರೆ ನೀರಿನ ಕಡೆ ನಡೆಯುವವಳನ್ನು ತಡೆಯಬಾರದೇ? ತಡೆಯಲೇಬೇಕು. ಬೇರೆ ದಾರಿಯೇ ಇಲ್ಲದಾಗ, ಆ ಕ್ಷಣದ ಅಪಾಯ ತಪ್ಪಿಸಲು, ಮನೋವೈದ್ಯರ ಒಪ್ಪಿಗೆಯಿಂದ ಹಿಡಿದಿಡಲು ಕಾನೂನೂ ಬಿಡುತ್ತದೆ. ಶಿಕ್ಷೆಗಾಗಿ ಅಥವಾ ನೋಡಿಕೊಳ್ಳಲು ಜನ ಸಾಲದೆಂದು ಬಿಡುವುದಿಲ್ಲ. ಒಂದು ಗಳಿಗೆಯ ತಡೆಯನ್ನು ಜೀವಮಾನದ ಬೀಗವಾಗಿಸುವುದು ಬಹುಪಾಲು ನಮ್ಮ ದಣಿವು. ತಾಯಿಯ ದಣಿವಿಗೆ ಮದ್ದು ಬೀಗವಲ್ಲ, ಜೊತೆಗೆ ನಿಲ್ಲುವ ಇನ್ನೊಂದು ಜೋಡಿ ಕೈ. ಅದನ್ನು ಒದಗಿಸದ ಊರು ತಾಯಿಗೆ ನೀತಿ ಹೇಳಬಾರದು.

ಇಂಥ ಮನೆಯೊಂದನ್ನು ನೋಡಹೋದಾಗ ನಾವು ಅಡುಗೆಮನೆ, ಬಚ್ಚಲು ನೋಡುತ್ತೇವೆ. ತಿಂಗಳಿಗೆ ಎಷ್ಟೆಂದು ಕೇಳುತ್ತೇವೆ. ಇನ್ನೂ ಕೆಲವನ್ನು ಕೇಳೋಣ. ಚಿಲಕ ಯಾವ ಕಡೆಗಿದೆ? ಉಟ್ಟ ಸೀರೆ ಯಾರು ಆರಿಸಿದ್ದು? ರಾತ್ರಿ ಚೀರಿದರೆ ಯಾರು ಬರುತ್ತಾರೆ, ಬಂದು ಏನು ಮಾಡುತ್ತಾರೆ? ಇದನ್ನೆಲ್ಲ ಮೇಲ್ವಿಚಾರಕರನ್ನಲ್ಲ, ಅಲ್ಲಿರುವವಳನ್ನೇ ಪಕ್ಕದಲ್ಲಿ ಕೂತು ಕೇಳಬೇಕು. ಉತ್ತರ ತಡವಾಗಿ ಬಂದೀತು, ಕಾಯಬೇಕು.