ಕೃಪೆ ಎಲ್ಲರಿಗೂ ಸರಿ, ನನಗೆ?

ಕುಳಗಿ, ದಾಂಡೇಲಿ, ಹಳಿಯಾಳದ ಕಡೆಯ ಜನಕ್ಕೆ ಲೊಯೋಲ ಎಂಬ ಹೆಸರು ಹೊಸದೇನಲ್ಲ. ಮುಂಡಗೋಡದಲ್ಲಿ ಆ ಹೆಸರಿನ ಶಾಲೆಯಿದೆ. ಯೇಸುಸಭೆಯ ಫಾದರ್‌ಗಳು ಸಿದ್ದಿ ಮೊದಲಾದ ಸಮುದಾಯಗಳ ನಡುವೆ ಕೆಲಸ ಮಾಡುವ ಲೊಯೋಲ ವಿಕಾಸ ಕೇಂದ್ರವೂ ಅಲ್ಲೇ ಇದೆ. ಹೆಸರು ಇಷ್ಟು ಬಳಕೆಯಲ್ಲಿದ್ದರೂ ಆ ಹೆಸರಿನ ಮನುಷ್ಯ ಒಂದು ಕಾಲದಲ್ಲಿ ದೇವರ ಕ್ಷಮೆಯನ್ನು ಒಪ್ಪಿಕೊಳ್ಳಲಾರದೆ ಒದ್ದಾಡಿದ ಕಥೆಯನ್ನು ಹೇಳುವವರು ಕಡಿಮೆ.

ಇಗ್ನೇಷಿಯಸ್ ಲೊಯೋಲ ಸ್ಪೇನಿನ ಬಾಸ್ಕ್ ನಾಡಿನವನು, ಕತ್ತಿ ಹಿಡಿದು ಬೆಳೆದವನು. 1521ರಲ್ಲಿ ಪಾಂಪ್ಲೋನಾ ಕೋಟೆಯ ಕಾಳಗದಲ್ಲಿ ತೋಪಿನ ಗುಂಡು ಬಡಿದು ಕಾಲು ಮುರಿಯಿತು. ಹಾಸಿಗೆ ಹಿಡಿದಿದ್ದಾಗ ಸಂತರ ಚರಿತ್ರೆ ಓದಿ ಮನಸ್ಸು ತಿರುಗಿತು. ಮರುವರ್ಷ ಮೊನ್ಸೆರಾತ್ ಮಠಕ್ಕೆ ಹೋಗಿ, ಜೀವಮಾನದ ಪಾಪಗಳನ್ನೆಲ್ಲ ಬರೆದುಕೊಂಡು ಮೂರು ದಿನ ಪಾಪನಿವೇದನೆ ಮಾಡಿದ. ಕ್ಷಮೆ ದೊರೆಯಿತು. ಆದರೆ ಹತ್ತಿರದ ಮನ್ರೇಸಾದಲ್ಲಿ ತಂಗಿದ್ದಾಗ ಅನುಮಾನ ಹೊಕ್ಕಿತು: ಅದನ್ನು ಹೇಳಿದೆನೋ ಇಲ್ಲವೋ, ಹೇಳಿದ್ದು ಪೂರ್ತಿ ಆಯಿತೋ ಇಲ್ಲವೋ. ಮತ್ತೆ ನಿವೇದನೆ, ಮತ್ತೆ ಅನುಮಾನ. ತೀರಾ ಸ್ಪಷ್ಟವಾಗಿ ತೋರುವುದನ್ನು ಬಿಟ್ಟು ಹಳೆಯದೇನನ್ನೂ ಹೇಳಬೇಡ ಎಂದರು ನಿವೇದನೆ ಕೇಳುತ್ತಿದ್ದ ಗುರು. ಇವನಿಗೋ ಎಲ್ಲವೂ ಸ್ಪಷ್ಟವಾಗಿಯೇ ತೋರುತ್ತಿತ್ತು! ಪ್ರಾಣ ಕಳೆದುಕೊಳ್ಳುವ ಯೋಚನೆಯೂ ಬಂದಿತ್ತು. ಒಂದು ವಾರ ಅನ್ನ ನೀರು ಬಿಟ್ಟ. ಗುರು ಅಪ್ಪಣೆ ಮಾಡಿ ಉಪವಾಸ ಬಿಡಿಸಿದರು. ಕೊನೆಗೊಂದು ದಿನ, ಹಳೆಯ ಪಾಪಗಳನ್ನು ಇನ್ನೆಂದೂ ನಿವೇದಿಸುವುದಿಲ್ಲ ಎಂದು ತೀರ್ಮಾನಿಸಿಬಿಟ್ಟ. ನಿದ್ದೆಯಿಂದ ಎದ್ದಂತಾಯಿತು ಎಂದು ಮುಂದೆ ತನ್ನ ಆತ್ಮಕಥನದಲ್ಲಿ ನೆನೆದಿದ್ದಾನೆ.

ಸೋಜಿಗವೆಂದರೆ, ಅದಕ್ಕಿಂತ ಹತ್ತು ಹದಿನೈದು ವರ್ಷಗಳ ಹಿಂದೆ ಜರ್ಮನಿಯ ಎರ್ಫರ್ಟ್ ಮಠದಲ್ಲಿ ಇನ್ನೊಬ್ಬ ಇದೇ ಸಂಕಟದಲ್ಲಿದ್ದ. 1505ರಲ್ಲಿ ಸನ್ಯಾಸಿಯಾದ ಮಾರ್ಟಿನ್ ಲೂಥರ್ ಗಂಟೆಗಟ್ಟಲೆ ಪಾಪನಿವೇದನೆ ಮಾಡಿ, ಎದ್ದು ಹೋಗಿ, ಮರೆತದ್ದು ನೆನಪಾಗಿ ವಾಪಸು ಬರುತ್ತಿದ್ದ. ಅವನ ಹಿರಿಯ ಸ್ಟಾಪಿಟ್ಸ್ ಸುಸ್ತಾಗುತ್ತಿದ್ದರು. ಮುಂದೆ ಲೂಥರ್ ಪ್ರೊಟೆಸ್ಟೆಂಟ್ ಪಂಥಗಳ ಮೂಲಪುರುಷನಾದ; ಲೊಯೋಲ ಕಟ್ಟಿದ ಯೇಸುಸಭೆ ಆ ಪಂಥಗಳಿಗೆ ಎದುರಾಗಿ ನಿಂತಿತು. ಇಬ್ಬರೂ ಹೊರಟದ್ದು ಮಾತ್ರ ಒಂದೇ ಕಷ್ಟದಿಂದ. ದೇವರು ಕ್ಷಮಿಸುತ್ತಾನೆ ಎಂಬುದರಲ್ಲಿ ಇಬ್ಬರಿಗೂ ಸಂಶಯವಿರಲಿಲ್ಲ. 'ನನ್ನನ್ನು' ಎಂಬಲ್ಲಿ ಗಂಟಲು ಕಟ್ಟುತ್ತಿತ್ತು.

ಕ್ರೈಸ್ತರು ಕೃಪೆ ಎನ್ನುವುದು ಯಾವುದನ್ನು? ಮನುಷ್ಯನ ಯೋಗ್ಯತೆ ನೋಡದೆ, ಅವನು ಕೇಳುವ ಮೊದಲೇ ದೇವರು ತಾನಾಗಿ ಮುಂದೆ ಬಂದು ಕೊಡುವ ಪ್ರೀತಿಯನ್ನು. ಸಂತ ಪೌಲನ ಪತ್ರಗಳ ಮೂಲತಂತುವೇ ಇದು. ಕೂಸಿಗೆ ದೀಕ್ಷಾಸ್ನಾನ ಕೊಡುವ ಸಭೆಗಳಲ್ಲಿ ಇದು ಕಣ್ಣಿಗೇ ಕಾಣುತ್ತದೆ: ಏನನ್ನೂ ಸಾಧಿಸದ, ಏನನ್ನೂ ಕೇಳದ, ಬಹುಮಟ್ಟಿಗೆ ಅಳುತ್ತಲೇ ಇರುವ ಜೀವಕ್ಕೆ ಎಲ್ಲವೂ ಕೊಡಲ್ಪಡುತ್ತದೆ. ದೊಡ್ಡವರಾದ ಮೇಲೆ ಇದನ್ನು ನಂಬುವುದು ಕಷ್ಟ. ಯಾಕೆ?

ಒಂದು ಕಾರಣ ನಮ್ಮ ಕೊಡು-ಕೊಳ್ಳುವ ಪದ್ಧತಿಯಲ್ಲೇ ಇದೆ. ಮದುವೆ ಮನೆಯಲ್ಲಿ ಮುಯ್ಯಿ ಬರೆದುಕೊಳ್ಳುವ ಪುಸ್ತಕವಿರುತ್ತದಲ್ಲ, ನಮ್ಮೆಲ್ಲರ ಮನಸ್ಸಿನಲ್ಲೂ ಅಂಥದೊಂದು ಇದೆ. ಯಾರು ಎಷ್ಟು ಹಾಕಿದರು, ಅವರ ಮನೆಯ ಕಾರ್ಯಕ್ಕೆ ನಾವೆಷ್ಟು ಹಾಕಬೇಕು. ಫ್ರಾನ್ಸಿನ ಸಮಾಜಶಾಸ್ತ್ರಜ್ಞ ಮಾರ್ಸೆಲ್ ಮೋಸ್ 1925ರಲ್ಲಿ ಪ್ರಕಟಿಸಿದ ಹೆಸರಾಂತ ಪ್ರಬಂಧದ ತಿರುಳೂ ಇದೇ: ಕೊಡುಗೆ ಎಂಬುದು ಎಲ್ಲ ಸಮಾಜಗಳಲ್ಲೂ ಹಿಂತಿರುಗಿಸುವ ಹೊಣೆಯನ್ನು ಬೆನ್ನಿಗೆ ಕಟ್ಟಿಕೊಂಡೇ ಬರುತ್ತದೆ. ಪೌಲನ ಕಾಲದವನೇ ಆದ ರೋಮಿನ ಸೆನೆಕಾ ಉಪಕಾರದ ಬಗ್ಗೆ ದೊಡ್ಡ ಗ್ರಂಥವನ್ನೇ ಬರೆದು, ಯೋಗ್ಯರನ್ನು ಆರಿಸಿ ಕೊಡಬೇಕೆಂದು ಬುದ್ಧಿ ಹೇಳಿದ್ದಾನೆ. ಪೌಲ ಬೇರೆಯಾಗುವುದು ಇಲ್ಲಿಯೇ ಎನ್ನುತ್ತಾನೆ 2015ರಲ್ಲಿ ಈ ವಿಷಯದ ಮೇಲೆ ಮಹತ್ವದ ಪುಸ್ತಕ ಬರೆದ ಬ್ರಿಟಿಷ್ ವಿದ್ವಾಂಸ ಜಾನ್ ಬಾರ್ಕ್ಲೇ. ಪೌಲನ ದೇವರು ಕೊಡುವುದು ಯೋಗ್ಯತೆಗೆ ತಾಳೆಯೇ ಆಗದವರಿಗೆ. ಹೀಗಾದಾಗ ಮುಯ್ಯಿ ಪುಸ್ತಕದಲ್ಲಿ ಬರೆಯುವುದೇನನ್ನು? 'ಯಾರ ಹಂಗೂ ಬೇಡ' ಎಂದು ಎದೆಯುಬ್ಬಿಸಿ ಬದುಕಿದವನಿಗೆ ಇದು ಅವಮಾನದಂತೆಯೇ ಕಾಣಬಹುದು.

ಮತ್ತಾಯನ ಸುವಾರ್ತೆಯ ದ್ರಾಕ್ಷಿತೋಟದ ಸಾಮತಿಯನ್ನು ಈ ಕಣ್ಣಿನಿಂದ ಓದಿ ನೋಡಬೇಕು. ಬೆಳಗಿನಿಂದ ಬಿಸಿಲಲ್ಲಿ ದುಡಿದವನಿಗೂ ಸಂಜೆ ಐದಕ್ಕೆ ಬಂದವನಿಗೂ ಯಜಮಾನ ಒಂದೇ ಕೂಲಿ ಕೊಟ್ಟ. ಪ್ರವಚನಗಳಲ್ಲೆಲ್ಲ ಬೆಳಗಿನವರ ಗೊಣಗಾಟದ್ದೇ ಚರ್ಚೆ. ಹಳಿಯಾಳದ ಕಬ್ಬಿನ ಗದ್ದೆಯಲ್ಲೋ ಭತ್ತದ ಕೊಯ್ಲಿನಲ್ಲೋ ಕೂಲಿ ಮಾಡಿದವರನ್ನು ಕೇಳಿದರೆ, ಸಂಜೆ ಬಂದವನ ಪಾಡೂ ಸುಲಭದ್ದಲ್ಲ ಎಂದಾರು. ಪೂರ್ತಿ ಕೂಲಿಯನ್ನು ಕೈಯಲ್ಲಿ ಹಿಡಿದು, ಬೆವರಿದ ಜೊತೆಗಾರರ ಮುಂದೆ ತಲೆಯೆತ್ತಿ ಮನೆಗೆ ನಡೆಯಬೇಕು. ಅರ್ಧ ವಾಪಸು ಕೊಟ್ಟರೆ ಮನಸ್ಸಿಗೆ ಸಮಾಧಾನ. ಆದರೆ ಯಜಮಾನನ ಮಾತಿಗೆ ಬೆಲೆ ಕೊಟ್ಟಂತಾಗುವುದಿಲ್ಲ.

ಪವಿತ್ರ ಗುರುವಾರದ ಆಚರಣೆ ಇದನ್ನು ಇನ್ನೂ ಚೆನ್ನಾಗಿ ತೋರಿಸುತ್ತದೆ. ಕೊನೆಯ ಭೋಜನದ ರಾತ್ರಿ ಯೇಸು ಶಿಷ್ಯರ ಕಾಲು ತೊಳೆದರು. ಪೇತ್ರ ಖಡಾಖಂಡಿತವಾಗಿ ಬೇಡವೆಂದ. ನಮಗಿದು ಬೇಗ ಅರ್ಥವಾಗುತ್ತದೆ, ಯಾಕೆಂದರೆ ಗುರುವಿನ ಕಾಲಿಗೆ ಶಿಷ್ಯ ಬೀಳುವುದನ್ನು ಕಂಡು ಬೆಳೆದವರು ನಾವು; ಗುರು ಬಗ್ಗಿ ನಮ್ಮ ಕಾಲು ಹಿಡಿದರೆ ಮೈ ಮುದುಡುತ್ತದೆ. ಪೇತ್ರನದು ವಿನಯವೇ, ಸಂದೇಹವಿಲ್ಲ. ಆದರೂ ಯೇಸು ಅದನ್ನು ಮೆಚ್ಚಲಿಲ್ಲ. ತೊಳೆಸಿಕೊಳ್ಳದಿದ್ದರೆ ನನ್ನಲ್ಲಿ ನಿನಗೆ ಪಾಲಿಲ್ಲ ಎಂಬರ್ಥದ ಕಟು ಮಾತನ್ನೇ ಆಡಿದರು. 1976ರಲ್ಲಿ ಸ್ಥಾಪನೆಯಾದ ಕಾರವಾರ ಧರ್ಮಪ್ರಾಂತ್ಯದ ಚರ್ಚುಗಳಲ್ಲೂ ಲೋಕದ ಎಲ್ಲ ಕಥೋಲಿಕ ಚರ್ಚುಗಳಂತೆ ಆ ಸಂಜೆ ಕೆಲವರನ್ನು ಕೂರಿಸಿ ಕಾಲು ತೊಳೆಯುವ ವಿಧಿಯಿದೆ. 2016ರ ವ್ಯಾಟಿಕನ್ ಆದೇಶದ ಬಳಿಕ ಹೆಂಗಸರನ್ನೂ ಕೂರಿಸಬಹುದು. ಕರೆ ಬಂದವರು ಮಾಡುವ ಮೊದಲ ಕೆಲಸವೇನು ಗೊತ್ತೆ? ಮನೆಯಲ್ಲೇ ಸೋಪು ಹಾಕಿ ಕಾಲು ತಿಕ್ಕಿ ತೊಳೆದುಕೊಳ್ಳುವುದು. ನಗು ಬರುತ್ತದೆ. ಆದರೆ ನಮ್ಮ ಭಕ್ತಿಯ ಬಹುಭಾಗ ಇದೇ ಅಲ್ಲವೇ, ಕೊಳೆಯಿಲ್ಲದ ಕಾಲನ್ನೇ ದೇವರ ಮುಂದೆ ಚಾಚುವ ಹವಣಿಕೆ?

ಅದೇ ರಾತ್ರಿ ಇಬ್ಬರು ಶಿಷ್ಯರು ಗುರುವಿಗೆ ಎರಡು ಬಗೆದರು. ಯೂದ ಹಣಕ್ಕೆ ಹಿಡಿದುಕೊಟ್ಟ. ಪೇತ್ರ ಮೂರು ಸಲ ಆತನನ್ನು ಅರಿಯೆನೆಂದ. ಇಬ್ಬರೂ ಪಶ್ಚಾತ್ತಾಪಪಟ್ಟರು. ಯೂದ ಮೂವತ್ತು ಬೆಳ್ಳಿನಾಣ್ಯಗಳನ್ನು ಹಿಂದಿರುಗಿಸಿದ್ದಾಗಿ ಮತ್ತಾಯ ಬರೆಯುತ್ತಾನೆ. ಪೇತ್ರ ಅಂಥದ್ದೇನೂ ಮಾಡಿದ್ದಕ್ಕೆ ದಾಖಲೆಯಿಲ್ಲ, ಅತ್ತದ್ದಷ್ಟೇ. ಲೆಕ್ಕ ಚುಕ್ತಾ ಮಾಡುವುದರಲ್ಲಿ ಯೂದನೇ ಒಂದು ಹೆಜ್ಜೆ ಮುಂದು. ಆದರೆ ಅವನು ತನ್ನ ತೀರ್ಪನ್ನು ತಾನೇ ಬರೆದು ತಾನೇ ಜಾರಿ ಮಾಡಿಕೊಂಡ. ಪೇತ್ರ ನಾಚಿಕೆಯಲ್ಲೇ ಉಳಿದ ಶಿಷ್ಯರ ನಡುವೆ ಇದ್ದುಕೊಂಡ, ತೀರ್ಪನ್ನು ಇನ್ನೊಬ್ಬರಿಗೆ ಬಿಟ್ಟ. ನನ್ನ ಮಟ್ಟಿಗೆ ಇಡೀ ತತ್ತ್ವದ ಕೀಲು ಇಲ್ಲಿದೆ. ದೇವರು ಕ್ಷಮಿಸಿದ ಮೇಲೂ 'ನನ್ನನ್ನು ನಾನು ಕ್ಷಮಿಸಲಾರೆ' ಎಂದು ಪಟ್ಟು ಹಿಡಿಯುವವನು, ತನಗೆ ಅರಿವಿಲ್ಲದೆ, ದೇವರ ನ್ಯಾಯಾಲಯದ ಮೇಲೊಂದು ನ್ಯಾಯಾಲಯವನ್ನು ಕಟ್ಟಿಕೊಂಡು ಅದರಲ್ಲಿ ಕೂತಿದ್ದಾನೆ. ನೋಡುವುದಕ್ಕೆ ಪಶ್ಚಾತ್ತಾಪ, ಒಳಗೆ ಅಧಿಕಾರ.

ಹಾಗಾದರೆ ಮನುಷ್ಯ ಮಾಡಬೇಕಾದ್ದು ಏನೂ ಇಲ್ಲವೇ? ಮೇಲುಕೋಟೆಯ ಶ್ರೀವೈಷ್ಣವ ಪರಂಪರೆ ಬಲ್ಲ ಕನ್ನಡಿಗರಿಗೆ ಈ ಪ್ರಶ್ನೆ ಹಳೆಯದು. ಮಂಗನ ಮರಿ ತಾಯಿಯ ಹೊಟ್ಟೆಯನ್ನು ತಾನೇ ಅವುಚಿಕೊಳ್ಳಬೇಕು. ಬೆಕ್ಕಿನ ಮರಿಯನ್ನು ತಾಯಿಯೇ ಕಚ್ಚಿಕೊಂಡು ಹೋಗುತ್ತದೆ. ವಡಗಲೆ, ತೆಂಗಲೆ ಪಂಗಡಗಳ ಈ ವಾದವನ್ನು ಕಂಡು ಬೆರಗಾದ ಜರ್ಮನ್ ಚಿಂತಕ ರುಡಾಲ್ಫ್ ಒಟ್ಟೊ 1930ರಲ್ಲಿ ಭಾರತದ ಕೃಪಾಧರ್ಮವನ್ನು ಕ್ರೈಸ್ತ ಧರ್ಮದ ಪಕ್ಕದಲ್ಲಿಟ್ಟು ಒಂದು ಪುಸ್ತಕವನ್ನೇ ಬರೆದ. ಕ್ರೈಸ್ತರಲ್ಲಿ ಐದನೆಯ ಶತಮಾನದಲ್ಲೇ ಅಗಸ್ಟೀನನಿಗೂ ಪೆಲಾಜಿಯಸನಿಗೂ ಈ ಜಗಳ ನಡೆದು, ಮನುಷ್ಯನ ಸ್ವಂತ ಪ್ರಯತ್ನವೇ ಸಾಕೆಂಬ ಪೆಲಾಜಿಯಸನ ಮತವನ್ನು 418ರ ಕಾರ್ತೇಜ್ ಸಭೆ ತಳ್ಳಿಹಾಕಿತು. ಕಥೋಲಿಕರು ಸತ್ಕಾರ್ಯಗಳಿಂದ ಮೋಕ್ಷ ಕೊಳ್ಳುವವರೆಂಬ ಗ್ರಹಿಕೆ ತಪ್ಪು. ಮೊದಲ ಕೃಪೆಗೆ ಯಾವ ಕಾರ್ಯವೂ ಬೆಲೆಯಾಗಲಾರದೆಂದು 1547ರಲ್ಲಿ ಟ್ರೆಂಟ್ ಮಹಾಸಭೆಯೇ ಹೇಳಿದೆ. ಲೂಥರನ್ ಸಭೆಗಳು ಮತ್ತು ವ್ಯಾಟಿಕನ್ 1999ರ ಅಕ್ಟೋಬರ್ 31ರಂದು ಆಗ್ಸ್‌ಬರ್ಗ್‌ನಲ್ಲಿ ಈ ಕುರಿತು ಜಂಟಿ ಘೋಷಣೆಗೆ ಸಹಿ ಹಾಕಿದವು.

ಇನ್ನೊಂದು ಆಕ್ಷೇಪ ಗಟ್ಟಿಯಾದದ್ದು. ಪುಕ್ಕಟೆ ಸಿಗುವುದಾದರೆ ಹೇಗೆ ಬೇಕಾದರೂ ಬದುಕಬಹುದಲ್ಲ? ಹಿಟ್ಲರನ ಕಾಲದ ಜರ್ಮನಿಯಲ್ಲಿ ಚರ್ಚು ಹಿತವಾಗಿ ಕಣ್ಣುಮುಚ್ಚಿ ಕೂತದ್ದನ್ನು ಕಂಡ ಲೂಥರನ್ ಸಭಾಪಾಲಕ ಡೀಟ್ರಿಕ್ ಬೊನ್‌ಹಾಫರ್ 1937ರಲ್ಲಿ 'ಅಗ್ಗದ ಕೃಪೆ'ಯನ್ನು ಖಂಡಿಸಿ ಬರೆದ. 1945ರಲ್ಲಿ ಅವನನ್ನು ಗಲ್ಲಿಗೇರಿಸಿದರು. ಅವನ ಮಾತು ನಿಜ, ಆದರೆ ಅದು ಯಾರಿಗೆ ಹೇಳಿದ್ದು ಎಂಬುದನ್ನು ಮರೆಯಬಾರದು. ಹಾಯಾಗಿ ಮಲಗಿದವನನ್ನು ಎಬ್ಬಿಸಲು ಹೇಳಿದ್ದನ್ನು, ನಿದ್ದೆಯೇ ಬಾರದವನ ಕಿವಿಯಲ್ಲಿ ಕೂಗಿದರೆ ಗತಿಯೇನು?

ಈ ಭೇದವನ್ನು ಸ್ಪಷ್ಟವಾಗಿ ಕಂಡವಳು ಅಮೆರಿಕದ ದೇವಶಾಸ್ತ್ರಜ್ಞೆ ವ್ಯಾಲರಿ ಸೇವಿಂಗ್. ದೇವಶಾಸ್ತ್ರಜ್ಞರು ಅಹಂಕಾರವೇ ಮೂಲಪಾಪವೆನ್ನುತ್ತಾರೆ, ಆದರೆ ಅದು ಗಂಡಸರ ಅನುಭವ. ಬಹಳ ಹೆಂಗಸರ ತೊಡಕು ತಮ್ಮನ್ನೇ ತಾವು ಅಳಿಸಿಹಾಕಿಕೊಳ್ಳುವುದು ಎಂದು 1960ರ ಒಂದು ಲೇಖನದಲ್ಲಿ ವಾದಿಸಿದಳು. ನಮ್ಮ ಭಾಗದಲ್ಲಿ ಇದನ್ನು ಯೋಚಿಸುವಾಗ ಸಿದ್ದಿಗಳನ್ನು ಬಿಟ್ಟು ಯೋಚಿಸಲಾಗದು. ಆಫ್ರಿಕದಿಂದ ಗುಲಾಮರಾಗಿ ತರಲ್ಪಟ್ಟು, ಗೋವೆಯ ಕಡೆಯಿಂದ ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದವರ ಸಂತತಿ ಅವರು. ಅವರಲ್ಲಿ ಕ್ರೈಸ್ತರು ಹೆಚ್ಚಾಗಿರುವುದು ಹಳಿಯಾಳ ತಾಲ್ಲೂಕಿನಲ್ಲಿ. ಅವರ ಹಿರಿಯರಿಗೆ ದೀಕ್ಷಾಸ್ನಾನ ಕೊಟ್ಟ ಕೈಯೂ ಸಂಕೋಲೆ ತೊಡಿಸಿದ ಕೈಯೂ ಒಂದೇ ಸಾಮ್ರಾಜ್ಯದವು. ಪರಿಶಿಷ್ಟ ಪಂಗಡವೆಂಬ ಮಾನ್ಯತೆ ದೊರಕಿದ್ದು 2003ರಲ್ಲಿ. ತಲೆಮಾರುಗಟ್ಟಲೆ 'ನೀನು ಕೀಳು' ಎಂದು ಲೋಕದಿಂದ ಕೇಳಿಸಿಕೊಂಡವರಿಗೆ ಪೀಠದಿಂದ 'ನೀನು ಅಯೋಗ್ಯ' ಎಂದು ಬೋಧಿಸಿದರೆ ಅದು ಸುವಾರ್ತೆ ಹೇಗಾದೀತು? ಅವರ ಕಿವಿಗೆ ಬೀಳಬೇಕಾದದ್ದು ಸುವಾರ್ತೆಯ ಇನ್ನೊಂದು ಅರ್ಧ.

ಆ ಇನ್ನೊಂದು ಅರ್ಧ ಪ್ರತಿ ಬಲಿಪೂಜೆಯಲ್ಲೂ ಇದೆ. ಪರಮಪ್ರಸಾದಕ್ಕೆ ಮುಂಚೆ ಜನರೆಲ್ಲ, ರೋಮಿನ ಶತಾಧಿಪತಿಯೊಬ್ಬನ ಮಾತನ್ನು ತಮ್ಮದಾಗಿಸಿಕೊಂಡು, ತಾವು ಯೋಗ್ಯರಲ್ಲವೆನ್ನುತ್ತಾರೆ. ಹಾಗೆಂದವರು ಎದ್ದು ಹೊರಗೆ ಹೋಗುವುದಿಲ್ಲ, ಪೀಠದ ಕಡೆಗೆ ನಡೆಯುತ್ತಾರೆ. ಇದನ್ನು ತಿರುಚಿದವರೂ ಇದ್ದರು. ಹದಿನೇಳನೆಯ ಶತಮಾನದ ಫ್ರಾನ್ಸಿನಲ್ಲಿ ಜಾನ್ಸೆನ್ ಪಂಥದವರು ಪೂರ್ತಿ ಶುದ್ಧರಾಗುವ ತನಕ ಪರಮಪ್ರಸಾದದಿಂದ ದೂರವಿರುವುದೇ ಭಕ್ತಿಯೆಂದು ಕಲಿಸಿದರು. ಆ ಹೆದರಿಕೆ ಶತಮಾನಗಳ ಕಾಲ ಉಳಿಯಿತು. 1905ರಲ್ಲಿ ಹತ್ತನೆಯ ಪಯಸ್ ಪೋಪ್, ಪರಮಪ್ರಸಾದವು ಪುಣ್ಯವಂತರಿಗೆ ಕೊಡುವ ಬಹುಮಾನವಲ್ಲವೆಂದು ಸಾರಿ, ಪದೇ ಪದೇ ಬನ್ನಿರೆಂದು ಕರೆಯಬೇಕಾಯಿತು.

ತಪಸ್ಸುಕಾಲದಲ್ಲಿ ಉಪದೇಶ ಮಾಡುವ ಫಾದರ್‌ಗಳಲ್ಲಿ, ಸಭಾಪಾಲಕರಲ್ಲಿ ಒಂದು ಅರಿಕೆ: ಎದುರಿಗೆ ಕೂತವರಲ್ಲಿ ಮಲಗಿದವರೆಷ್ಟು, ನಿದ್ದೆ ಬಾರದವರೆಷ್ಟು ಎಂದು ನೋಡಿ ಮಾತಾಡಿ. ಹಳೆಯ ತಪ್ಪೊಂದನ್ನು ಬಿಟ್ಟೂ ಬಿಡದೆ ಹೊತ್ತಿರುವ ಓದುಗರಿಗೂ ಒಂದು ಮಾತು: ಅದು ನಿಲ್ಲದ ಗೀಳಾಗಿದ್ದರೆ ವೈದ್ಯರಿಗೂ ತೋರಿಸಿ, ಅದರಲ್ಲಿ ವಿಶ್ವಾಸದ ಕೊರತೆಯೇನೂ ಇಲ್ಲ. ಉಳಿದಂತೆ, ಮನಸ್ಸಿಟ್ಟು ಒಮ್ಮೆ ನಿವೇದಿಸಿ ಕ್ಷಮೆ ಪಡೆದ ಪಾಪವನ್ನು ಮತ್ತೊಮ್ಮೆ ನಿವೇದಿಸಬೇಕೆಂದು ಧರ್ಮಸಭೆ ಯಾರನ್ನೂ ಕೇಳುವುದಿಲ್ಲ.